ತೊಟ್ಟಿಮನೆ ಕ್ಯಾಬಿನೆಟ್ ಕೊನೆಗೂ ಮುಗಿಯಿತು: 13 ತಿಂಗಳು ಹಿಡಿದದ್ದು ಯಾಕೆ

ಕಂಪ್ಯೂಟರಿನ ಭಾಗಗಳು ಕೂರುವ ಪೆಟ್ಟಿಗೆಯನ್ನು ಮರ, ಹಂಚಿನಲ್ಲಿ ಪುಟ್ಟ ತೊಟ್ಟಿಮನೆಯ ಆಕಾರದಲ್ಲಿ ಮಾಡಿದ್ದೇನೆ. ಯುಗಾದಿಯ ಹಿಂದಿನ ರಾತ್ರಿ ಅದರ ಕೊನೆಯ ಹಂಚು ಅಂಟಿಸಿದೆ. ಶುರು ಮಾಡಿದ್ದು 2024ರ ಫೆಬ್ರುವರಿಯಲ್ಲಿ. ಮರದಲ್ಲಿ ಕಂಪ್ಯೂಟರ್ ಕ್ಯಾಬಿನೆಟ್ ಮಾಡಬೇಕು, ಹೇಗೆ ಮಾಡಿದಿರಿ ಅಂತ ಈಗಾಗಲೇ ನಾಲ್ಕೈದು ಜನ ಕೇಳಿದ್ದಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ನಡೆದದ್ದನ್ನೆಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ. ಎಲ್ಲಿ ಕಾಯಬೇಕಾಯಿತು, ಎಲ್ಲಿ ದುಡ್ಡು ಹೋಯಿತು, ಯಾವ ಚೀಟಿ ಎತ್ತಿಡಬೇಕಿತ್ತು, ಎಲ್ಲ.

ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಪ್ಪನದು ತೊಟ್ಟಿಮನೆ. ದೊಡ್ಡಪ್ಪ ತೀರಿಕೊಂಡು ಆರು ವರ್ಷವಾಗಿತ್ತು, ದೊಡ್ಡಮ್ಮ ಮಗನ ಜೊತೆ ಶಿವಮೊಗ್ಗಕ್ಕೆ ಬಂದಿದ್ದರು, ಸೂರು ಒಂದು ಕಡೆ ಕುಸಿದಿತ್ತು. ಮನೆ ಬಿಚ್ಚುವುದು ಅಂತ ತೀರ್ಮಾನವಾಯಿತು. ನಾನು ಹೋಗುವಷ್ಟರಲ್ಲಿ ಹಂಚೆಲ್ಲ ಇಳಿಸಿಯಾಗಿತ್ತು. ತೊಟ್ಟಿಯಲ್ಲಿ ನಿಂತರೆ ಮಾತ್ರ ಕಾಣುತ್ತಿದ್ದ ಆಕಾಶ ಅವತ್ತು ಮನೆಯ ಎಲ್ಲ ಕೋಣೆಯಿಂದಲೂ ಕಾಣುತ್ತಿತ್ತು. ನನಗೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ.

ಕಂಬ, ತೊಲೆ, ಬಾಗಿಲು ಮಾರಾಟವಾಗಿದ್ದವು. ನಾನು ಕೇಳಿ ತಂದದ್ದು ಐದು ಹಲಸಿನ ಹಲಗೆ, ಗೇಣುದ್ದದ ಒಂದು ಕಂಬದ ತುಂಡು, ದೇವರ ಕೋಣೆಯ ಹಿತ್ತಾಳೆ ಚಿಲಕ. ಹಲಗೆಗಳಲ್ಲಿ ಒಂದು ಅಟ್ಟದ್ದು. ಅದರ ಒಂದು ಮೈ ಹೊಗೆ ಹಿಡಿದು ಇದ್ದಿಲಿನಷ್ಟು ಕಪ್ಪಾಗಿತ್ತು, ನಡುವೆ ಒಂದು ದಪ್ಪ ಮೊಳೆಯ ತೂತು. ಅಡುಗೆಮನೆ ಅಟ್ಟದ್ದಿರಬೇಕು ಅಂದುಕೊಂಡೆ. ಗೋಣಿಚೀಲ ಸುತ್ತಿ ಬಸ್ಸಿಗೆ ಹಾಕಿಸಿದೆ, ಲಗೇಜಿಗೆ 180 ರೂಪಾಯಿ ಆಯಿತು. ನಿಮ್ಮ ಊರಿನ ಮರ ತೇಗವೋ ಬೀಟೆಯೋ ಆಗಿದ್ದರೆ ಹೀಗೆ ಸುಮ್ನೆ ತರಬೇಡಿ, ಹತ್ತಿರದ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ.

ತಂದ ದಿನ ಏನು ಮಾಡುವುದು ಅಂತ ಗೊತ್ತಿರಲಿಲ್ಲ. ನನ್ನದು ಪುಸ್ತಕಗಳ ಪುಟ ಕಟ್ಟುವ ಕೆಲಸ. ಇಡೀ ದಿನ ಕಂಪ್ಯೂಟರ್ ಮುಂದೆ. ಹಳೆಯ ಯಂತ್ರ ಬೇಸಿಗೆಯಲ್ಲಿ ಕಾದು ತಾನೇ ಆಫ್ ಆಗುತ್ತಿತ್ತು. ಒಂದು ಮಧ್ಯಾಹ್ನ ಅದರ ಮುಚ್ಚಳ ತೆಗೆದು ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟುಕೊಂಡು ಕೂತಿದ್ದಾಗ ದೊಡ್ಡಪ್ಪನ ಮನೆಯ ಜಗಲಿ ನೆನಪಾಯಿತು. ಏಪ್ರಿಲ್ ತಿಂಗಳ ಉರಿಯಲ್ಲೂ ಆ ಜಗಲಿಯಲ್ಲಿ ಕೂತರೆ ಬೆನ್ನಿಗೆ ತಣ್ಣನೆ ಗಾಳಿ ತಾಗುತ್ತಿತ್ತು. ತೊಟ್ಟಿಯಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತೆ, ಅದರ ಜಾಗಕ್ಕೆ ಜಗಲಿ ಕಡೆಯಿಂದ ಹೊಸ ಗಾಳಿ ಒಳಗೆ ಬರುತ್ತೆ. ಕಂಪ್ಯೂಟರಿಗೆ ಬೇಕಾದದ್ದೂ ಇಷ್ಟೇ ಅಲ್ವಾ? ಕಂಬಗಳ ನಡುವಿನಿಂದ ಗಾಳಿ ಒಳಗೆ, ತೊಟ್ಟಿಯಿಂದ ಹೊರಗೆ. ಮನೆಯ ಆಕಾರ ಬರೀ ಚಂದಕ್ಕಲ್ಲ, ಅದೇ ಕೆಲಸ ಮಾಡಬೇಕು ಅಂತ ಅವತ್ತೇ ನಿರ್ಧರಿಸಿದೆ. ಮುಂದೆ ಎಷ್ಟೋ ಸಲ ದಾರಿ ತಪ್ಪಿದಾಗ ಈ ಒಂದು ನಿರ್ಧಾರವೇ ವಾಪಸ್ ಕರೆತಂದಿತು.

ಮಾರ್ಚ್ ಪೂರ್ತಿ ರಟ್ಟಿನಲ್ಲಿ ಮನೆ ಕಟ್ಟಿದೆ. ಫ್ರಿಜ್ ಬಂದಿದ್ದ ಡಬ್ಬದ ರಟ್ಟು, ಫೆವಿಕಾಲ್, ಬ್ಲೇಡು. ಈ ಹಂತ ದಯವಿಟ್ಟು ಬಿಡಬೇಡಿ. ನಾನು ಮೂರು ರಟ್ಟಿನ ಮನೆ ಕಟ್ಟಿ ಬಿಸಾಕಿದೆ, ಅದಕ್ಕೆ ಖರ್ಚಾದದ್ದು ಏನೂ ಇಲ್ಲ. ಅದೇ ತಪ್ಪು ಮರದಲ್ಲಿ ಆಗಿದ್ದರೆ ಆ ಹಲಗೆ ಮತ್ತೆ ಎಲ್ಲಿಂದ ತರುವುದು?

ಮದರ್‌ಬೋರ್ಡ್‌ಗೆ (ಮಿಕ್ಕ ಭಾಗಗಳೆಲ್ಲ ಕೂರುವ ಮುಖ್ಯ ಬೋರ್ಡ್) ಮಿನಿ-ಐಟಿಎಕ್ಸ್ ಅಳತೆ ಆರಿಸಿಕೊಂಡೆ. ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದ ಅಳತೆ ಇದು, 170 ಮಿಲಿಮೀಟರ್ ಚೌಕ. ಮಾಮೂಲಿ ಎಟಿಎಕ್ಸ್ ಬೋರ್ಡ್ 305ಕ್ಕೆ 244, ಅದನ್ನು ಹಾಕಿದ್ದರೆ ಮನೆ ಹೋಗಿ ಛತ್ರವಾಗುತ್ತಿತ್ತು. ಹಿಂದಿನ ಗೋಡೆಯಲ್ಲಿ ಯುಎಸ್‌ಬಿ ಮುಂತಾದ ಕಿಂಡಿಗಳಿಗೆ ಬಿಡಬೇಕಾದ ಜಾಗ 158.75ಕ್ಕೆ 44.45. ತೊಟ್ಟಿಯಲ್ಲಿ ಕೂರುವ 120ರ ಫ್ಯಾನಿಗೆ ಸ್ಕ್ರೂ ತೂತಿನಿಂದ ತೂತಿಗೆ 105. ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ ಎಸ್‌ಎಂಪಿಎಸ್, ಅದರಲ್ಲಿ ಎಸ್‌ಎಫ್‌ಎಕ್ಸ್ ಅನ್ನುವ ಸಣ್ಣ ಜಾತಿ 125ಕ್ಕೆ 100, ಎತ್ತರ 63.5. ಈ ಅಂಕಿಗಳನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದ್ದೆ. ಹದಿಮೂರು ತಿಂಗಳೂ ಅಲ್ಲೇ ಇತ್ತು.

ರಟ್ಟಿನಲ್ಲೇ ಮೊದಲ ಸಮಸ್ಯೆ ಗೊತ್ತಾಯಿತು. ಬೋರ್ಡ್ ಮಲಗಿಸಿ ಅದರ ಕಿಂಡಿಗಳನ್ನು ಹಿಂದಿನ ಗೋಡೆಗೆ ತಾಗಿಸಿದರೆ ಎಲ್ಲಕ್ಕಿಂತ ಬಿಸಿಯಾಗುವ ಪ್ರೊಸೆಸರ್ ಮನೆಯ ನಡುವೆ ಬರುವುದಿಲ್ಲ, ಹಿಂದಕ್ಕೆ ಬರುತ್ತೆ. ತೊಟ್ಟಿ ನೇರ ಅದರ ಮೇಲೇ ಇರಬೇಕು. ಅಂದರೆ ತೊಟ್ಟಿಯನ್ನು ಐದು ಸೆಂಟಿಮೀಟರ್ ಹಿಂದಕ್ಕೆ ಸರಿಸಬೇಕು. ಎರಡು ದಿನ ಮನಸ್ಸು ಒಪ್ಪಲಿಲ್ಲ. ಕೊನೆಗೆ ಅಮ್ಮನ ಹತ್ತಿರ ಇದ್ದ ಹಳೆ ಫೋಟೊ ನೋಡಿದೆ. ದೊಡ್ಡಪ್ಪನ ಮನೆಯ ತೊಟ್ಟಿಯೂ ನಟ್ಟ ನಡುವೆ ಇರಲಿಲ್ಲ, ಅಡುಗೆಮನೆ ಕಡೆಗೆ ಸರಿದಿತ್ತು. ಆಮೇಲೆ ನೆಮ್ಮದಿಯಾಯಿತು. ಎಸ್‌ಎಂಪಿಎಸ್ ಮುಂದಿನ ಅಂಕಣಕ್ಕೆ ಹೋಯಿತು, ಅದರ ಬಿಸಿಗಾಳಿಗೆ ಪಕ್ಕದ ಗೋಡೆಯಲ್ಲಿ ಸರಳಿನ ಕಿಟಕಿ. ಒಟ್ಟು ಮನೆ 340 ಮಿಲಿಮೀಟರ್ ಚೌಕ.

ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ರೈಜೆನ್ 5 5600ಜಿ ಪ್ರೊಸೆಸರ್ ತೆಗೆದುಕೊಂಡೆ. ಗ್ರಾಫಿಕ್ಸ್ ಅದರೊಳಗೇ ಇದೆ, ಬೇರೆ ಕಾರ್ಡ್ ಬೇಡ, 65 ವ್ಯಾಟಿನದು. ಪುಟ್ಟ ಮನೆಗೆ ಇಷ್ಟೇ ಬಿಸಿ ಸಾಕು. ಬೋರ್ಡ್ ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಎಸ್‌ಎಫ್‌ಎಕ್ಸ್ ಎಸ್‌ಎಂಪಿಎಸ್ ಮಾತ್ರ ಯಾರ ಹತ್ತಿರವೂ ಇರಲಿಲ್ಲ. "ಆರ್ಡರ್ ಕೊಟ್ಟರೆ ತರಿಸ್ತೀವಿ ಮೇಡಂ, ಒಂದು ವಾರ" ಅಂದರು ಒಬ್ಬರು. 12 ದಿನವಾಯಿತು.

ಇಲ್ಲಿ ಒಂದು ಮುಖ್ಯ ಮಾತು. ಸಾಮಾನು ಬಂದ ದಿನವೇ ಎಲ್ಲವನ್ನೂ ಮೇಜಿನ ಮೇಲೆ, ಮದರ್‌ಬೋರ್ಡ್ ಬಂದ ರಟ್ಟಿನ ಡಬ್ಬದ ಮೇಲಿಟ್ಟು, ಜೋಡಿಸಿ ಓಡಿಸಿ ನೋಡಿ. ಕ್ಯಾಬಿನೆಟ್ ಆದಮೇಲೆ ನೋಡೋಣ ಅಂದರೆ ವಾರಂಟಿಯ ದಿನಗಳು ಸುಮ್ನೆ ಕಳೆಯುತ್ತವೆ. ನಾನು ಓಡಿಸಿ ನೋಡಿದ್ದಕ್ಕೆ ಎಸ್‌ಎಂಪಿಎಸ್ ಫ್ಯಾನಿನಿಂದ ಟರ್ರ್ ಅಂತ ಸದ್ದು ಬರುವುದು ಎರಡನೇ ವಾರವೇ ಗೊತ್ತಾಯಿತು. ಬಿಲ್ ಹಿಡಿದು ಸರ್ವಿಸ್ ಸೆಂಟರಿಗೆ ಹೋದೆ. ಜಿಎಸ್‌ಟಿ ಬಿಲ್ಲೇ, 18 ಪರ್ಸೆಂಟ್ ಕಟ್ಟಿದ್ದೇನೆ. ಆದರೆ ಅದರಲ್ಲಿ ಸೀರಿಯಲ್ ನಂಬರ್ ಬರೆದಿರಲಿಲ್ಲ. "ಅಂಗಡಿಯಿಂದ ಬರೆಸಿಕೊಂಡು ಬನ್ನಿ" ಅಂದರು. ಅಂಗಡಿಯಲ್ಲಿ ಬಿಲ್ ಮಾಡುವವರು ಊರಲ್ಲಿಲ್ಲ. ಮತ್ತೆ ಹೋದರೆ ಮಧ್ಯಾಹ್ನ ಬನ್ನಿ. ಮೂರು ಸಲ ಓಡಾಡಿದ ಮೇಲೆ ಸೀಲು ಹಾಕಿ ಕೊಟ್ಟರು. ಬೇರೆ ಎಸ್‌ಎಂಪಿಎಸ್ ಕೈಗೆ ಬರಲು ಒಟ್ಟು 19 ದಿನ. ಆದ್ದರಿಂದ ಅಂಗಡಿಯಲ್ಲೇ ನಿಂತು ಪ್ರತಿ ಡಬ್ಬದ ಸೀರಿಯಲ್ ನಂಬರನ್ನೂ ಬಿಲ್ಲಿನ ಜೊತೆ ತಾಳೆ ನೋಡಿ. ಬಿಲ್ ಫೋಟೊ ತೆಗೆದಿಡಿ, ಆ ಶಾಯಿ ಆರು ತಿಂಗಳಲ್ಲಿ ಮಾಸುತ್ತೆ. ಡಬ್ಬಗಳನ್ನು ಬಿಸಾಕಬೇಡಿ.

ಬೋರ್ಡ್ ನೇರ ಮರದ ಮೇಲೆ ಕೂರಿಸುವುದು ನನಗೆ ಸರಿ ಕಾಣಲಿಲ್ಲ. ಮರ ಹಿಗ್ಗುತ್ತೆ, ಕುಗ್ಗುತ್ತೆ, ಬೋರ್ಡಿನ ಮೇಲೆ ಆ ಎಳೆತ ಬೀಳಬಾರದು. 2 ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆಯಲ್ಲಿ ಒಂದು ಪ್ಲೇಟ್ ಕತ್ತರಿಸಿ, ಅದರ ಮೇಲೆ ಬೋರ್ಡ್ ಕೂರಿಸಿ, ಪ್ಲೇಟನ್ನು ಮರಕ್ಕೆ ಉದ್ದ ತೂತಿನಲ್ಲಿ ಸ್ಕ್ರೂ ಮಾಡಿದರೆ ಮರ ತನ್ನ ಪಾಡಿಗೆ ಅಲುಗಾಡಬಹುದು. ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡುವವರಿಗೆ ಪ್ಲೇಟಿನ ನಕ್ಷೆಯ ಡಿಎಕ್ಸ್‌ಎಫ್ ಫೈಲ್ ಕಳಿಸಿದೆ. ಒಂದೇ ಪ್ಲೇಟಾದರೂ ಕನಿಷ್ಠ ದರ 1,400 ರೂಪಾಯಿ. ಪ್ಲೇಟ್ ಬಂತು, ಅಂಚು ಎಷ್ಟು ನುಣುಪು ಅಂದರೆ ಬೆರಳಾಡಿಸುತ್ತಲೇ ಇದ್ದೆ. ಬೋರ್ಡ್ ಇಟ್ಟು ನೋಡಿದರೆ ತೂತು ಕೂರಲಿಲ್ಲ. ನಾಲ್ಕು ತೂತು ಸರಿ ಚೌಕವಾಗಿ ಇರುವುದಿಲ್ಲ, ಒಂದು ಮಾತ್ರ ಬೇರೆ ಸಾಲಿಗೆ ಸರಿದಿರುತ್ತೆ. ನಾನು ಬೋರ್ಡನ್ನು ಮಗುಚಿ ಹಾಕಿ, ಕೆಳಗಿನ ಮೈಯಿಂದ ತೂತು ಗುರುತು ಮಾಡಿದ್ದೆ. ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಬಿಟ್ಟಿತ್ತು. ಇನ್ನೊಂದು 1,400. ಫೈಲ್ ಕಳಿಸುವ ಮುಂಚೆ ಅದನ್ನು ನಿಜ ಅಳತೆಯಲ್ಲಿ ಕಾಗದಕ್ಕೆ ಪ್ರಿಂಟ್ ಹಾಕಿ, ಆ ಕಾಗದದ ಮೇಲೆ ಬೋರ್ಡ್ ಇಟ್ಟು ನೋಡಿದ್ದರೆ ಸಾಕಿತ್ತು.

ಸ್ಕ್ರೂ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ಎರಡು ಜಾತಿ ಸ್ಕ್ರೂ ಇದೆ, ಎಂ3 ಒಂದು, ಆರು-ಮೂವತ್ತೆರಡು ಇನ್ನೊಂದು. ನೋಡಲು ಅಣ್ಣತಮ್ಮ. ಎಂ3 ಸ್ವಲ್ಪ ಸಣ್ಣ, ಅದರ ಮರೆ, ಅಂದರೆ ಮೈಮೇಲಿನ ಸುರುಳಿ ಗೆರೆ, ಒತ್ತಾಗಿರುತ್ತೆ. ಎಸ್‌ಎಂಪಿಎಸ್‌ಗೆ ಆರು-ಮೂವತ್ತೆರಡು. ಒಂದರ ತೂತಿಗೆ ಇನ್ನೊಂದನ್ನು ಒತ್ತಿ ತಿರುಗಿಸಿದರೆ ಮರೆ ಹೋಗುತ್ತೆ. ಕೈಯಲ್ಲೇ ಎರಡು ಸುತ್ತು ಸಲೀಸಾಗಿ ಹೋದರೆ ಮಾತ್ರ ಸ್ಕ್ರೂಡ್ರೈವರ್ ಹಿಡಿಯಿರಿ.

ಇನ್ನು ಮರ. ಮೇ ಕೊನೆಗೆ ಹಲಗೆಗಳನ್ನು ನಮ್ಮ ಬಡಾವಣೆ ಹತ್ತಿರದ ಆಚಾರ್ರ ಹತ್ತಿರ ಒಯ್ದೆ. ಎಪ್ಪತ್ತರ ಹತ್ತಿರದ ವಯಸ್ಸು. ಹಲಗೆಯನ್ನು ಮೂಸಿ ನೋಡಿದರು, ಉಗುರಿನಿಂದ ಗೀರಿದರು.

"ನೋಡಮ್ಮ, ಇದು ಮಲೆನಾಡಿನ ಮಳೆ ಕುಡಿದ ಹಲಗೆ. ಒಂದು ತಿಂಗಳು ನಿಮ್ಮನೆ ಗಾಳಿ ಕುಡೀಲಿ. ಆಮೇಲೆ ತನ್ನಿ."

"ಅರವತ್ತು ವರ್ಷದ ಮರ ಆಚಾರ್ರೇ, ಒಣಗಿರಲ್ವಾ?"

"ಒಣಗಿದೆ. ಅಲ್ಲಿಗೆ ಒಣಗಿದೆ. ಬೆಂಗಳೂರಿಗೆ ಒಣಗಿಲ್ಲ."

ಹಲಗೆಗಳ ನಡುವೆ ರೀಪಿನ ತುಂಡು ಕೊಟ್ಟು, ಗಾಳಿ ಆಡುವ ಹಾಗೆ ಮಂಚದ ಕೆಳಗೆ ಜೋಡಿಸಿಟ್ಟೆ. ತಿಂಗಳು ಮುಗಿಯುವಷ್ಟರಲ್ಲಿ ಒಂದು ಹಲಗೆ ಒಂದು ಕಡೆ ಕಣ್ಣಿಗೆ ಕಾಣುವಷ್ಟು ಬಾಗಿತ್ತು. ಕೂಡಲೇ ಕತ್ತರಿಸಿ ಜೋಡಿಸಿದ್ದರೆ ಗೋಡೆಯೇ ಬಾಗುತ್ತಿತ್ತು. ಅವರ ಮಾತು ಎಷ್ಟು ದೊಡ್ಡದು ಅಂತ ಅವತ್ತು ಅರ್ಥವಾಯಿತು.

ವಾಪಸ್ ಒಯ್ದಾಗ ಆಷಾಢ, ಅವರಿಗೆ ಬಿಡುವಿತ್ತು. ಮೊದಲು ಒಂದು ಅಯಸ್ಕಾಂತ ಹಿಡಿದು ಹಲಗೆಗಳ ಉದ್ದಕ್ಕೂ ಸವರಿದರು. ಹಳೆ ಮರದಲ್ಲಿ ಮುರಿದ ಮೊಳೆ ಉಳಿದಿದ್ದರೆ ಯಂತ್ರದ ಬ್ಲೇಡ್ ಹೋಗುತ್ತೆ, ಚೂರು ಕಣ್ಣಿಗೆ ಹಾರುತ್ತೆ. ಹನ್ನೊಂದು ಮೊಳೆ ಸಿಕ್ಕವು. ಎರಡು ಹಲಗೆಯ ತುದಿಯಲ್ಲಿ ಕುಟ್ಟೆ ಹಿಡಿದಿತ್ತು, ಅಷ್ಟನ್ನು ಕತ್ತರಿಸಿ ತೆಗೆದರು. ಆಮೇಲೆ ಹತ್ತರಿ ಹೊಡೆಯಲು ಶುರು ಮಾಡಿದರು. ಮೊದಲ ಸುರುಳಿ ಕಂದು ಬಣ್ಣದ್ದು, ಧೂಳು ವಾಸನೆ. ಎರಡನೆಯದು ಅರಿಶಿನದಂಥ ಹಳದಿ. ಅಷ್ಟು ವರ್ಷ ಒಳಗೇ ಉಳಿದಿದ್ದ ಬಣ್ಣ. ಆ ಸುರುಳಿ ಒಂದನ್ನು ಎತ್ತಿಟ್ಟುಕೊಂಡಿದ್ದೇನೆ, ಈಗ ಅದೂ ನಿಧಾನವಾಗಿ ಕಂದಾಗುತ್ತಿದೆ. ಹಲಸಿನ ಮರ ಹಾಗೇ, ಬೆಳಕಿಗೆ ಬಂದರೆ ಬಣ್ಣ ತಿರುಗುತ್ತೆ.

ಕಪ್ಪು ಹಲಗೆಯ ಹೊಗೆ ಹಿಡಿದ ಮೈಗೆ ಮಾತ್ರ ಹತ್ತರಿ ಹಾಕಬೇಡಿ ಅಂದೆ. ಆಚಾರ್ರು ಏನೂ ಕೇಳಲಿಲ್ಲ. ಹಿಂದಿನ ಮೈಯನ್ನಷ್ಟೇ ಇಳಿಸಿ, 12 ಮಿಲಿಮೀಟರಿಗೆ ತಂದು, ಅಡುಗೆಮನೆ ಬರುವ ಕಡೆಯ ಗೋಡೆಗೆ ಹಾಕಿಕೊಟ್ಟರು. ಕಂಬದ ತುಂಡನ್ನು ಸೀಳಿ ಲೇತ್‌ನಲ್ಲಿ ಎಂಟು ಪುಟ್ಟ ಕಂಬ, ಒಂದೊಂದಕ್ಕೂ ಬೋದಿಗೆ.

ಶ್ರಾವಣ ಬಂತು. ಗೃಹಪ್ರವೇಶಗಳ ಸಾಲು, ಎಲ್ಲರಿಗೂ ಬಾಗಿಲು ಕಿಟಕಿ ಅರ್ಜೆಂಟ್. ನನ್ನ ಕೆಲಸ ಮೂಲೆಗೆ ಹೋಯಿತು. ಹೋಗಿ ಹೋಗಿ ಕೇಳಲು ಮನಸ್ಸಾಗುತ್ತಿರಲಿಲ್ಲ, ಕೇಳದೆ ಇರಲೂ ಆಗುತ್ತಿರಲಿಲ್ಲ. ಆಯುಧಪೂಜೆ ಹೊತ್ತಿಗೆ ನಾಲ್ಕು ಗೋಡೆ ನಿಂತಿದ್ದವು. ಆಚಾರ್ರು ಉಳಿ, ಗರಗಸ, ಹತ್ತರಿಗಳ ಜೊತೆ ಅದಕ್ಕೂ ಒಂದು ಕುಂಕುಮದ ಬೊಟ್ಟು ಇಟ್ಟಿದ್ದರು. ಆ ಬೊಟ್ಟು ಒಳಗೋಡೆಯಲ್ಲಿ ಈಗಲೂ ಇದೆ. ಎಣ್ಣೆ ಹಚ್ಚುವಾಗ ಅಷ್ಟು ಜಾಗ ಬಿಟ್ಟು ಹಚ್ಚಿದೆ.

ಎಣ್ಣೆ ಅಂದೆನಲ್ಲ. ಊರಲ್ಲಿ ಮರಕ್ಕೆ ಗೇರೆಣ್ಣೆ ಹಚ್ಚುತ್ತಿದ್ದರು, ಅದು ಚರ್ಮ ಸುಡುತ್ತೆ, ಮನೆಯೊಳಗೆ ನಮ್ಮಂಥವರು ಹಿಡಿಯುವುದಲ್ಲ. ನಾನು ಅಗಸೆ ಎಣ್ಣೆ ಹಚ್ಚಿದೆ, ಮೂರು ಸಲ, ಪ್ರತಿ ಸಲವೂ ನಾಲ್ಕು ದಿನ ಬಿಟ್ಟು. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತೆ, ಉಂಡೆಯೊಳಗೆ ಬಿಸಿ ಕೂತು ತಾನಾಗೇ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಕಂಪ್ಯೂಟರ್ ಬಿಸಿಗೆ ಮರ ಹೊತ್ತಿಕೊಳ್ಳಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮರ ಹೊತ್ತಲು 200 ಡಿಗ್ರಿಗೂ ಎಷ್ಟೋ ಮೇಲೆ ಹೋಗಬೇಕು. ಈ ಪ್ರೊಸೆಸರ್ 95 ಡಿಗ್ರಿ ದಾಟದ ಹಾಗೆ ತಾನೇ ವೇಗ ಇಳಿಸಿಕೊಳ್ಳುತ್ತೆ. ಭಯ ಪಡಬೇಕಾದದ್ದು ಎಣ್ಣೆ ಬಟ್ಟೆಗೆ.

ಹಂಚಿನ ಕಥೆ ಬೇರೆಯೇ. ಪ್ಲಾಸ್ಟಿಕ್‌ನಲ್ಲಿ ತ್ರೀ-ಡಿ ಪ್ರಿಂಟ್ ಮಾಡಿಸು ಅಂತ ಗೆಳೆಯರು ಹೇಳಿದರು. ಮನಸ್ಸು ಒಪ್ಪಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಆ ಚಪ್ಪಟೆ ಹಂಚು ಘಟ್ಟ ಹತ್ತಿ ನಮ್ಮ ಊರುಗಳ ಮಾಡು ಸೇರಿತು. ದೊಡ್ಡಪ್ಪನ ಮನೆಯಲ್ಲಿ ಮುಂದಿನ ಅಂಕಣಕ್ಕೆ ಮಂಗಳೂರು ಹಂಚು, ಹಿಂದೆ ಕೊಟ್ಟಿಗೆಗೆ ನಾಡಹಂಚು. ಮಣ್ಣಿನದೇ ಬೇಕು ಅಂತ ಪಾಟರಿ ಟೌನ್‌ಗೆ ಹೋದೆ. ಒಬ್ಬ ಕುಂಬಾರರು ಒಪ್ಪಿದರು. ಆಗ ಗಣೇಶನ ಹಬ್ಬ ಹತ್ತಿರ, ಕೈ ತುಂಬ ಮೂರ್ತಿ ಕೆಲಸ. ಅದಾದ ಮೇಲೆ ದೀಪಾವಳಿ ಹಣತೆ. "ದೀಪಾವಳಿ ಮುಗಿದ ಮೇಲೆ ಬನ್ನಿ, ಮಳೆಯೂ ನಿಂತಿರುತ್ತೆ, ಒಣಗುತ್ತೆ" ಅಂದರು. ನವೆಂಬರ್‌ನಲ್ಲಿ ಹೋದೆ. ಒಂದು ಹಂಚು 30ಕ್ಕೆ 18 ಮಿಲಿಮೀಟರ್, ಲೆಕ್ಕ ಹಾಕಿದರೆ 280 ಬೇಕು, ಒಡೆಯುವುದಕ್ಕೆ ಅಂತ 300 ಹೇಳಿದೆ. ಅಚ್ಚು ನಾನೇ ಮರದಲ್ಲಿ ಮಾಡಿ ಕೊಟ್ಟಿದ್ದೆ. ನೆರಳಲ್ಲಿ ಎಂಟು ದಿನ ಒಣಗಬೇಕು, ಗೂಡು ತುಂಬುವಷ್ಟು ಸಾಮಾನು ಆದಮೇಲೇ ಬೆಂಕಿ. ನನ್ನ 300 ಹಂಚಿಗೆ ಯಾರೂ ಗೂಡು ಹೊತ್ತಿಸುವುದಿಲ್ಲ. ಡಿಸೆಂಬರ್ ಎರಡನೇ ವಾರ ಸಿಕ್ಕಿತು.

ಬಟ್ಟೆಯ ಗಂಟು ಬಿಚ್ಚಿ ಒಂದನ್ನು ಕೈಗೆ ತೆಗೆದುಕೊಂಡೆ. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಮೂರು ಗ್ರಾಮ್ ಇಲ್ಲ, ಆದರೆ ಒಂದಕ್ಕೊಂದು ತಾಗಿಸಿದರೆ ನಿಜವಾದ ಹಂಚಿನ ಹಾಗೇ ಠಣ್ ಅನ್ನುತ್ತಿತ್ತು. ಖುಷಿಗೆ ಕಣ್ಣು ತುಂಬಿತು. ಅಳೆದು ನೋಡಿದಾಗ 27 ಮಿಲಿಮೀಟರ್. ಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತೆ, ನನ್ನ ಮಣ್ಣು ನೂರಕ್ಕೆ ಹತ್ತು ಕುಗ್ಗಿತ್ತು. ಅಚ್ಚು ಮಾಡುವಾಗ ಅದನ್ನು ನಾನು ಯೋಚಿಸಿರಲೇ ಇಲ್ಲ. ಉದ್ದ ಅಗಲ ಎರಡೂ ಕುಗ್ಗಿದ್ದರಿಂದ ಈಗ 346 ಹಂಚು ಬೇಕು. ಸೀಳಿದ್ದು ತೆಗೆದರೆ ನನ್ನ ಹತ್ತಿರ 275. ಮತ್ತೆ 80 ಹಂಚು, ಮತ್ತೆ ಗೂಡು ತುಂಬುವ ತನಕ ಕಾಯುವುದು. ಅದು ಬಂದಾಗ ಸಂಕ್ರಾಂತಿ ಕಳೆದಿತ್ತು. ನೀವು ಮಾಡಿಸುವುದಾದರೆ ಮೊದಲು ನಾಲ್ಕೇ ನಾಲ್ಕು ಸುಡಿಸಿ ಅಳೆಯಿರಿ. ಹತ್ತು ಪರ್ಸೆಂಟ್ ಕುಗ್ಗಿದರೆ ಬೇಕಾದ ಅಳತೆಯನ್ನು 0.9ರಿಂದ ಭಾಗಿಸಿ ಅಚ್ಚು ಮಾಡಿ, 30 ಬೇಕಿದ್ದರೆ 33.3. ಅಂಟಿಸಲು ಗಟ್ಟಿಯಾಗುವ ಗೋಂದು ಬೇಡ, ಸಿಲಿಕಾನ್ ಹಾಕಿ. ಮರ ಹಿಗ್ಗಿ ಕುಗ್ಗಿದರೂ ಹಂಚು ಬಿಡುವುದಿಲ್ಲ.

ಹಂಚಿಗೆ ಕಾಯುತ್ತಿದ್ದಾಗ ವೈರಿಂಗ್ ಮಾಡಿದೆ. ಆನ್ ಮಾಡುವ ಬಟನ್ ಎಲ್ಲಿಡುವುದು ಅಂತ ಪ್ರಶ್ನೆ. ಮನೆ ಮುಂದೆ ಒಂದು ಪುಟ್ಟ ತುಳಸಿಕಟ್ಟೆ ಮಾಡಿ ಅದನ್ನೇ ಬಟನ್ ಮಾಡಿದ್ದೆ, ನನಗೆ ತುಂಬ ಹಿಡಿಸಿತ್ತು. ಅಮ್ಮ ನೋಡಿದರು.

"ತುಳಸಿಕಟ್ಟೆ ಒತ್ತಿ ಮಿಷನ್ ಶುರು ಮಾಡ್ತೀಯಾ? ಬೇಡ ಮಾರಾಯ್ತಿ. ನೋಡಕ್ಕೆ ಇರಲಿ, ಒತ್ತಕ್ಕೆ ಬೇಡ."

ಅಮ್ಮ ಹೇಳಿದ್ದು ಸರಿ ಅನ್ನಿಸಿತು. ಬಟನ್ನಿನ ಕೆಲಸವನ್ನು ದೇವರ ಕೋಣೆಯ ಚಿಲಕಕ್ಕೆ ಕೊಟ್ಟೆ. ಚಿಲಕ ಸರಿಸಿದರೆ ಅದರ ತುದಿ ಒಳಗಿರುವ ಪುಟ್ಟ ಸ್ವಿಚ್ಚನ್ನು ಒತ್ತುತ್ತೆ, ಬಿಟ್ಟರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತೆ. ಮದರ್‌ಬೋರ್ಡಿಗೆ ಬೇಕಾದದ್ದು ಎರಡು ಪಿನ್ ಒಂದು ಕ್ಷಣ ತಾಗುವುದು ಮಾತ್ರ, ಅದಕ್ಕೆ ಯಾವ ಸ್ವಿಚ್ಚಾದರೂ ಆದೀತು, ವೈರ್ ಹಿಂದುಮುಂದಾದರೂ ತೊಂದರೆಯಿಲ್ಲ. ಎಲ್ಇಡಿಗೆ ಮಾತ್ರ ಪ್ಲಸ್ ಮೈನಸ್ ನೋಡಿ ಹಾಕಬೇಕು. ಬಾಗಿಲ ಪಕ್ಕದ ದೀಪದ ಗೂಡಿನಲ್ಲಿ ಹಳದಿ ಎಲ್ಇಡಿ ಇಟ್ಟೆ. ಕಂಪ್ಯೂಟರ್ ಆನ್ ಆದರೆ ಗೂಡಿನಲ್ಲಿ ದೀಪ.

ಫೆಬ್ರುವರಿಯಲ್ಲಿ ಎಲ್ಲ ಜೋಡಿಸಿ ಮಾಡು ಮುಚ್ಚಿದೆ. ಚಿಲಕ ಸರಿಸಿದೆ, ದೀಪ ಹೊತ್ತಿತು. ಸುಮ್ಮನಿದ್ದಾಗ ಪ್ರೊಸೆಸರ್ 44 ಡಿಗ್ರಿ. ಭಾರದ ಕೆಲಸ ಕೊಟ್ಟೆ. ಹತ್ತು ನಿಮಿಷಕ್ಕೆ 91.

ಅವತ್ತು ರಾತ್ರಿ ಊಟ ಸೇರಲಿಲ್ಲ. ವರ್ಷ ಪೂರ್ತಿ ಗಾಳಿಯ ಸಲುವಾಗಿಯೇ ಈ ಆಕಾರ ಆರಿಸಿಕೊಂಡು, ಗಾಳಿಯೇ ಆಡದಿದ್ದರೆ? ಮಾರನೇ ದಿನ ಒಂದು ಊದಿನಕಡ್ಡಿ ಹಚ್ಚಿ ಜಗಲಿಯ ಕಂಬಗಳ ಹತ್ತಿರ ಹಿಡಿದೆ. ಹೊಗೆ ಒಳಗೆ ಹೋಗಲಿಲ್ಲ, ಅಲ್ಲೇ ನೇರ ಮೇಲಕ್ಕೆ ಎದ್ದಿತು. ತೊಟ್ಟಿಯ ಮೇಲೆ ಹಿಡಿದೆ. ಹೊಗೆ ಸ್ವಲ್ಪ ಮೇಲೇರಿ, ಸುತ್ತಿ, ಮತ್ತೆ ತೊಟ್ಟಿಯ ಅಂಚಿನಿಂದ ಕೆಳಗೆ ಇಳಿಯಿತು. ಆಗ ಅರ್ಥವಾಯಿತು. ಪ್ರೊಸೆಸರ್ ಜೊತೆ ಬಂದ ಕೂಲರ್ ಗಾಳಿಯನ್ನು ಕೆಳಕ್ಕೆ, ಬೋರ್ಡಿನ ಕಡೆಗೆ ಊದುತ್ತೆ. ಅದರ ನೇರ ಮೇಲೆ ತೊಟ್ಟಿಯ ಫ್ಯಾನ್ ಗಾಳಿಯನ್ನು ಮೇಲಕ್ಕೆ ಎಳೆಯುತ್ತೆ. ಎರಡೂ ಎದುರುಬದುರು ಜಗ್ಗುತ್ತಿದ್ದವು, ಪ್ರೊಸೆಸರಿಗೆ ಗಾಳಿಯೇ ಸಿಗುತ್ತಿರಲಿಲ್ಲ. ಕಂಬಗಳ ಹಿಂದೆ ನಾನು ಬಿಟ್ಟಿದ್ದ ಕಿಂಡಿಗಳೂ ಸಣ್ಣವು.

ಸುಲಭದ ದಾರಿ ಒಂದಿತ್ತು. ತೊಟ್ಟಿಯ ಫ್ಯಾನ್ ತಿರುಗಿಸಿ ಗಾಳಿ ಒಳಗೆ ಬರುವ ಹಾಗೆ ಮಾಡಿದೆ, ಕೂಡಲೇ 76ಕ್ಕೆ ಇಳಿಯಿತು. ಬರೀ ತಂಪು ಸಾಕು ಅನ್ನುವವರು ಇಷ್ಟೇ ಮಾಡಿ. ಆದರೆ ಬಿಸಿಗಾಳಿ ಜಗಲಿಯಿಂದ ಹೊರಗೆ ಬರುವ ಮನೆ ನನ್ನ ಮನೆ ಅಲ್ಲ, ಮೇಲಿನಿಂದ ಧೂಳೂ ನೇರ ಒಳಗೆ ಬೀಳುತ್ತೆ. ಫ್ಯಾನನ್ನು ತಿರುಗಿಸಿ ಕೂರಿಸಬಹುದಾದ ಗಿಡ್ಡ ಕೂಲರ್ ಹುಡುಕಿ ತರಿಸಿದೆ, 3,600 ರೂಪಾಯಿ. ಅದರ ಫ್ಯಾನ್ ಮೇಲ್ಮುಖವಾಗಿ ಹಾಕಿದೆ. ಆಚಾರ್ರ ಹತ್ತಿರ ಹೋಗಿ ಕಂಬಗಳ ಹಿಂದಿನ ಹಲಗೆ ಪೂರ್ತಿ ತೆಗೆಸಿ ಜಾಲರಿ ಹಾಕಿಸಿದೆ, ಅಡಿಪಾಯವನ್ನು 20 ಮಿಲಿಮೀಟರ್ ಎತ್ತರಿಸಿದೆ. ಮತ್ತೆ ಊದಿನಕಡ್ಡಿ. ಈ ಸಲ ಹೊಗೆ ಎಳೆಎಳೆಯಾಗಿ ಬಾಗಿ ಕಂಬಗಳ ನಡುವೆ ನುಗ್ಗಿತು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ತೊಟ್ಟಿಯಿಂದ ತೆಳ್ಳಗೆ ಮೇಲೆ ಬಂತು. ಕಡ್ಡಿ ಮುಗಿಯುವ ತನಕ ನೋಡುತ್ತಾ ಕೂತೆ. ಭಾರದ ಕೆಲಸದಲ್ಲಿ 77 ಡಿಗ್ರಿ, ಅಲ್ಲಿಗೇ ನಿಂತಿತು.

ಮಾಡು ಮುಚ್ಚುವ ಮುಂಚೆಯೇ ಊದಿನಕಡ್ಡಿ ಹಿಡಿದು ನೋಡಿ, ರಟ್ಟಿನ ಮನೆಯಲ್ಲೇ ನೋಡಿದರೆ ಇನ್ನೂ ಒಳ್ಳೆಯದು. ನಾನು ರಟ್ಟಿನಲ್ಲಿ ಅಳತೆ ಮಾತ್ರ ನೋಡಿದ್ದೆ.

ಕೊನೆಯ ತೊಡಕು ಕರೆಂಟಿನದು. ಒಂದು ಸಂಜೆ ಹಿಂದಿನ ಕಡೆ ಯುಎಸ್‌ಬಿ ಚುಚ್ಚುವಾಗ ಪ್ಲೇಟಿಗೆ ಕೈ ತಾಗಿ ಜುಮ್ ಅಂದಿತು. ಟೆಸ್ಟರ್ ಇಟ್ಟರೆ ದೀಪ ಹೊತ್ತಿತು. ನಾನು ಮಾಡಿದ್ದೇ ಏನೋ ತಪ್ಪಾಗಿದೆ ಅಂತ ಎಲ್ಲ ಬಿಚ್ಚಿದೆ, ಏನೂ ಸಿಗಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಗೋಡೆಯ ಸಾಕೆಟ್ ಬಿಚ್ಚಿದರು. ಮೂರನೇ ತೂತಿಗೆ ವೈರೇ ಕೊಟ್ಟಿರಲಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರಿನಿಂದ ಅದರ ಲೋಹದ ಮೈಗೆ ಸ್ವಲ್ಪ ಕರೆಂಟ್ ಸೋರುತ್ತೆ, ಹೋಗಲು ದಾರಿ ಇರುವುದಿಲ್ಲ. ಮರದ ಕ್ಯಾಬಿನೆಟ್‌ನಲ್ಲಿ ಅದು ಮೊದಲು ತಿಳಿಯುವುದು ನೀವು ಲೋಹ ಮುಟ್ಟಿದಾಗಲೇ. ಅರ್ಥಿಂಗ್ ಕೊಡಿಸಿದ ಮೇಲೆ ಜುಮ್ ಅನ್ನುವುದು ನಿಂತಿತು. ಬಾಡಿಗೆ ಮನೆಯವರು ಮೊದಲು ಸಾಕೆಟ್ ಪರೀಕ್ಷೆ ಮಾಡಿಸಿ, ಎರಡು ಪಿನ್ನಿನ ವೈರ್ ಯಾವತ್ತೂ ಹಾಕಬೇಡಿ. ಲೋಹದ ಭಾಗಗಳೆಲ್ಲ ಪ್ಲೇಟಿಗೆ, ಪ್ಲೇಟ್ ಎಸ್‌ಎಂಪಿಎಸ್ ಮೈಗೆ ಸೇರಿರಲಿ.

ಲೆಕ್ಕ ಕೇಳಿದವರಿಗೆ: ಒಳಗಿನ ಸಾಮಾನು ಬಿಟ್ಟು ಮನೆಗೇ ಸುಮಾರು 22,000 ರೂಪಾಯಿ. ಆಚಾರ್ರಿಗೆ 9,000, ಹಂಚಿಗೆ ಎರಡು ಸಲ ಸೇರಿ 3,500, ಪ್ಲೇಟ್ ಎರಡು ಸಲ 2,800, ಕೂಲರ್ 3,600, ಮಿಕ್ಕಿದ್ದು ಎಣ್ಣೆ, ಉಪ್ಪುಕಾಗದ, ಫ್ಯಾನು, ಜಾಲರಿ, ಹಿತ್ತಾಳೆ ಸ್ಕ್ರೂ, ವೈರು. ಎರಡನೇ ಪ್ಲೇಟು, ಎರಡನೇ ಸಲದ ಹಂಚು, ಕೂಲರ್ ಸೇರಿ 5,900 ರೂಪಾಯಿ ನನ್ನ ಅವಸರಕ್ಕೆ ಹೋದದ್ದು. ಇದನ್ನು ಓದಿದವರಿಗೆ ಅಷ್ಟು ಉಳಿಯಲಿ.

ಯುಗಾದಿಗೆ ದೊಡ್ಡಮ್ಮ ಬಂದಿದ್ದರು. ನಾನು ಏನೂ ಹೇಳದೆ ಮೇಜಿನ ಹತ್ತಿರ ಕರೆದುಕೊಂಡು ಹೋದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಚಿಲಕದ ಮೇಲೆ ಬೆರಳಿಟ್ಟರು, ದೀಪದ ಗೂಡು ನೋಡಿದರು, ತೊಟ್ಟಿಯ ಮೇಲೆ ಅಂಗೈ ಹಿಡಿದರು.

"ಬೆಚ್ಚಗೆ ಬರ್ತದಲ್ಲೇ ಗಾಳಿ."

ಆಮೇಲೆ ಆ ಕಡೆ ಹೋಗಿ ಕಪ್ಪು ಗೋಡೆಯ ಹತ್ತಿರ ನಿಂತರು. ಮೊಳೆ ತೂತಿನ ಸುತ್ತ ಬೆರಳಾಡಿಸಿದರು.

"ಅಡುಗೆಮನೆ ಅಟ್ಟದ ಹಲಗೆ ದೊಡ್ಡಮ್ಮ" ಅಂದೆ.

"ಅಲ್ಲ. ಇದು ಬಚ್ಚಲುಮನೇದು. ಹಂಡೆ ಒಲೆ ಹೊಗೆ ಇದು. ಈ ಮೊಳೆಗೆ ಸೀಗೆಪುಡಿ ಚೀಲ ತೂಗಿಹಾಕ್ತಿದ್ದೆ ನಾನು. ನಿಂಗೂ ಹಾಕಿ ತಿಕ್ಕಿದ್ದೇನಲ್ಲ, ಕಣ್ಣು ಉರೀತದೆ ಅಂತ ಕೂಗ್ತಿದ್ದೆ."

ಆ ತೂತಿಗೆ ಒಂದು ಪುಟ್ಟ ಹಿತ್ತಾಳೆ ಮೊಳೆ ಹೊಡೆಯಬೇಕು. ದೊಡ್ಡಮ್ಮ ತಮ್ಮ ಹಳೆ ಸೀರೆಯ ಅಂಚಿನಲ್ಲಿ ಹೆಬ್ಬೆರಳಿನಷ್ಟು ಚೀಲ ಹೊಲಿದು ಕೊಡುತ್ತೇನೆ ಅಂದಿದ್ದಾರೆ.